ಮಳೆಗಾಲದ ಜಲಪಾತ: ನೀವೂ ಹೋಗಿ, ಹುಷಾರಾಗಿ ಬನ್ನಿ

ಮಳೆಗಾಲ ಶುರುವಾಯಿತೆಂದರೆ ಸಾಕು, ಎಲ್ಲರ ಮೊಬೈಲಿನಲ್ಲೂ ಜಲಪಾತದ್ದೇ ಚಿತ್ರ. ಯಜಮಾನರು ಆಫೀಸಿನ ಗೆಳೆಯರ ಜತೆ ಕಾರಿನಲ್ಲಿ ಹೋಗಿ ಬರುತ್ತಾರೆ. ಕಾಲೇಜಿಗೆ ಹೋಗುವ ಮಗ ಬೈಕ್ ಏರಿ ಹೊರಟೇಬಿಡುತ್ತಾನೆ. ಮನೆಯಾಕೆಯ ಪಾಲಿಗೆ ಉಳಿಯುವುದು ಅವರು ತಂದ ಕೆಸರು ಬಟ್ಟೆ ಮತ್ತು 'ಸೂಪರ್ ಆಗಿತ್ತು ಕಣೇ' ಎನ್ನುವ ಒಂದು ಮಾತು. 'ನಾನೂ ಬರ್ತೀನಿ ರೀ' ಅಂದರೆ, 'ಅಲ್ಲಿ ಜಿಗಣೆ ಕಚ್ಚುತ್ತೆ, ಜಾರುತ್ತೆ, ನಿನ್ನ ಕೈಲಿ ಆಗಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆಗಲ್ಲ ಅಂತ ಯಾರು ಹೇಳಿದ್ದು? ನೀರಿನ ಕೊಡ ಹೊತ್ತು ಮೂರು ಮಹಡಿ ಹತ್ತಿದವರು, ಸಂಕ್ರಾಂತಿ ಹಬ್ಬಕ್ಕೆ ಇಡೀ ಬಡಾವಣೆ ಸುತ್ತಿ ಎಳ್ಳು ಬೀರಿದವರು ನಾವು. ಎರಡು ಕಿಲೋಮೀಟರ್ ಕಾಡುದಾರಿ ನಡೆಯುವುದು ನಮಗೆ ದೊಡ್ಡ ಮಾತಲ್ಲ. ಹಾಗಂತ ಮಳೆಗಾಲದ ಜಲಪಾತ ಲಾಲ್‌ಬಾಗಿನ ವಾಕಿಂಗೂ ಅಲ್ಲ. ಅಲ್ಲಿ ಅಪಾಯ ಇದೆ, ಅದು ನಿಜವಾದ ಅಪಾಯ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದಲ್ಲಿ, ಭೂಶಿ ಅಣೆಕಟ್ಟೆಯ ಹತ್ತಿರದ ಜಲಪಾತ ನೋಡಲು ಹೋಗಿದ್ದ ಒಂದೇ ಕುಟುಂಬದ ಐವರು ನೀರುಪಾಲಾದರು. ಅವರಲ್ಲಿ ಒಬ್ಬಾಕೆ ಹೆಣ್ಣುಮಗಳು, ಉಳಿದವರು ಮಕ್ಕಳು. ಸಾಹಸ ಮಾಡಲೆಂದು ಹೊರಟವರಲ್ಲ ಅವರು, ನಮ್ಮ ನಿಮ್ಮಂತೆ ರಜೆ ಕಳೆಯಲು ಹೋದವರು. ನೀರಿನ ಮಧ್ಯೆ ನಿಂತಿದ್ದಾಗಲೇ ಹರಿವು ಏರಿತ್ತು.

ಹಾಗಾಗಿ ಹೆದರಿ ಮನೆಯಲ್ಲೇ ಕೂರುವುದೂ ಬೇಡ, ತಿಳಿಯದೆ ಹೊರಡುವುದೂ ಬೇಡ. ಏನು ನೋಡಿಕೊಳ್ಳಬೇಕು ಅನ್ನೋದನ್ನ ಉತ್ತರ ಕನ್ನಡದ ಒಂದು ಜಲಪಾತವನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಯಾವುದೀ 'ಕೆಪ್ಪ ಜೋಗ'?

ಜೋಗ ಎಲ್ಲರಿಗೂ ಗೊತ್ತು. ಆದರೆ ಅದೇ ಸೀಮೆಯಲ್ಲಿ, ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಎಂಬ ಹಳ್ಳಿಯ ಬಳಿ ಉಂಚಳ್ಳಿ ಜಲಪಾತವಿದೆ. ಅಘನಾಶಿನಿ ನದಿ ಇಲ್ಲಿ ಸುಮಾರು 116 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಇದರ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಅದಕ್ಕೇ ಸುತ್ತಲಿನ ಜನ ಇದನ್ನು 'ಕೆಪ್ಪ ಜೋಗ' ಅಂತಲೂ ಕರೆಯುತ್ತಾರೆ. 1845ರಲ್ಲಿ ಇದನ್ನು ಕಂಡು ದಾಖಲಿಸಿದ ಬ್ರಿಟಿಷ್ ಕಲೆಕ್ಟರ್ ಲಷಿಂಗ್‌ಟನ್ ಹೆಸರಿನಿಂದ 'ಲಷಿಂಗ್‌ಟನ್ ಫಾಲ್ಸ್' ಎಂಬ ಹೆಸರೂ ಉಂಟು. ಊರಿನವರಿಗೆ ಅದಕ್ಕೂ ಎಷ್ಟೋ ಕಾಲ ಮೊದಲೇ ಗೊತ್ತಿತ್ತು ಬಿಡಿ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದಕ್ಕೆ ಆಮೇಲೆ ಅಣೆಕಟ್ಟೆಯ ಲೆಕ್ಕವೂ ಸೇರಿಕೊಂಡಿತು. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಕಡೆ ಹುಟ್ಟಿ, ಕುಮಟಾ ಬಳಿ ಕಡಲು ಸೇರುವವರೆಗೂ ತನ್ನ ಪಾಡಿಗೆ ತಾನು ಹರಿಯುತ್ತದೆ. ಹೀಗಾಗಿ ಮೇಲ್ಗಡೆ ಎಷ್ಟು ಮಳೆಯೋ ಇಲ್ಲಿ ಅಷ್ಟೇ ನೀರು. ನೋಡಲು ಇದೇ ಸೊಗಸು, ಎಚ್ಚರಿಕೆಯ ಕಾರಣವೂ ಇದೇ. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲ್ಗಡೆ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಇಳಿದು ಬರಬಹುದು.

ಈ ಕಾಡು ಸಿಂಗಳೀಕಗಳ ನೆಲೆಯೂ ಹೌದು. 2011ರಲ್ಲಿ ಸರ್ಕಾರ ಇದನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. ನದಿ ಕಡಲು ಸೇರುವ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ 'ರಾಮ್ಸರ್' ತಾಣಗಳ ಪಟ್ಟಿಗೆ ಸೇರಿದೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನೆಲ್ಲ ಮೊದಲೇ ಹೇಳಿಟ್ಟರೆ ಅವರಿಗೂ ಪ್ರವಾಸದಲ್ಲಿ ಆಸಕ್ತಿ ಹುಟ್ಟುತ್ತದೆ.

ಯಾವಾಗ ಹೊರಡಬೇಕು?

ಎಲ್ಲರೂ ಜುಲೈನಲ್ಲೇ ಹೋಗುತ್ತಾರೆ. ಮಲೆನಾಡಿನಲ್ಲಿ ಮಳೆಯ ಅಬ್ಬರ ಹೆಚ್ಚಿರುವುದೂ ಆಗಲೇ. ಅಷ್ಟು ದೂರ ಹೋಗಿ ಬರೀ ಬಿಳಿ ಮಂಜು ನೋಡಿ ಬರಬೇಕಾಗುತ್ತದೆ, ಎದುರಿಗಿದ್ದ ಜಲಪಾತವೇ ಕಾಣಿಸುವುದಿಲ್ಲ. ಮೊದಲ ಸಲ ಹೋಗುವವರಿಗೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಒಳ್ಳೆಯವು. ಮಳೆ ಬಿಟ್ಟು ಬಿಟ್ಟು ಬರುತ್ತದೆ, ನೀರು ತುಂಬಿರುತ್ತದೆ, ಕಾಡು ಹಸಿರಾಗಿರುತ್ತದೆ. ಆದಷ್ಟು ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ನೂಕುನುಗ್ಗಲಿದ್ದರೆ ಕಿರಿದಾದ ಮೆಟ್ಟಿಲ ಮೇಲೆ ಜಾರುವ ಭಯವೂ ಜಾಸ್ತಿ.

ಹೊರಡುವ ಎರಡು ದಿನ ಮೊದಲಿನಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಾ ಇರಿ. ಟೀವಿಯಲ್ಲಿ ಹೇಳುವ 'ಭಾರಿ ಮಳೆ' ಸುಮ್ಮನೆ ಬಾಯಿಮಾತಲ್ಲ, ಅದಕ್ಕೊಂದು ಲೆಕ್ಕವಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅದು ಭಾರಿ ಮಳೆ. 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ. 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಹೋಗಬೇಕಾದ ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದೂಡಿ. ಇಷ್ಟೆಲ್ಲ ನೆನಪಿಡೋದು ಕಷ್ಟ ಅನ್ನುವವರಿಗೆ ಸುಲಭದ ಸೂತ್ರ ಒಂದಿದೆ: ಅಲ್ಲಿನ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟ ದಿನ ನಿಮ್ಮ ಜಲಪಾತಕ್ಕೂ ರಜೆ!

ಅಪಾಯ ಹೆಚ್ಚಿದಾಗ ಜಿಲ್ಲಾಡಳಿತ ಕೆಲವು ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದೂ ಉಂಟು. ಕೆಲವು ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕಿಂಗ್ ಮಾಡಿಸಬೇಕು. ಉಳಿದುಕೊಳ್ಳುವ ಹೋಂಸ್ಟೇಗೆ ಫೋನ್ ಮಾಡಿ, 'ಈಗ ಬಿಡ್ತಾ ಇದಾರಾ? ರಸ್ತೆ ಹೇಗಿದೆ?' ಎಂದು ಕೇಳಿಬಿಡಿ. ಗೋವಾ ಗಡಿಯ ದೂಧ್‌ಸಾಗರಕ್ಕೆ ರೈಲು ಹಳಿಯ ಮೇಲೆ ನಡೆದುಹೋದವರಿಗೆ 2023ರ ಜುಲೈನಲ್ಲಿ ಬಸ್ಕಿ ಹೊಡೆಸಿದ ವಿಡಿಯೊ ನಿಮ್ಮಲ್ಲೂ ಹಲವರು ನೋಡಿರಬಹುದು. ವಿಚಾರಿಸದೆ ಹೋದರೆ ಹೀಗೂ ಆಗುತ್ತದೆ.

ಮನೆಯವರನ್ನು ಒಪ್ಪಿಸುವುದು ಹೇಗೆ?

ನಿಜ ಹೇಳಬೇಕೆಂದರೆ ಹೆಚ್ಚಿನವರ ಪಾಲಿಗೆ ಮೊದಲ ಘಟ್ಟ ಇದೇ! 'ಮಳೇಲಿ ಎಲ್ಲಿಗೆ ಹೋಗ್ತೀಯಮ್ಮಾ, ಒಲೆ ಮುಂದೆ ಬೆಚ್ಚಗೆ ಇರೋದು ಬಿಟ್ಟು' ಅನ್ನುವ ಅತ್ತೆಯ ಮಾತಿನಲ್ಲಿ ಆಕ್ಷೇಪಣೆಗಿಂತ ಆತಂಕವೇ ಹೆಚ್ಚಿರುತ್ತದೆ. ಅದಕ್ಕೆ ಜಗಳ ಮದ್ದಲ್ಲ, ಮಾಹಿತಿ ಮದ್ದು. ಎಲ್ಲಿಗೆ, ಯಾರ ಜತೆ, ಯಾವ ಗಾಡಿಯಲ್ಲಿ, ಎಲ್ಲಿ ಉಳಿಯುವುದು, ಯಾವಾಗ ವಾಪಸ್ಸು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗಾಡಿಯ ನಂಬರು, ಹೋಂಸ್ಟೇ ಫೋನ್ ನಂಬರು ಅದರಲ್ಲಿರಲಿ. ಮನೆಯವರಿಗೂ ನೆಮ್ಮದಿ, ಏನಾದರೂ ಹೆಚ್ಚುಕಮ್ಮಿಯಾದರೆ ಹುಡುಕಲೂ ಅನುಕೂಲ. ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಡಿ. ಇಲ್ಲದಿದ್ದರೆ ಎರಡು ಗಂಟೆ ಫೋನ್ ಸಿಗದಿದ್ದರೆ ಮನೆಯಲ್ಲಿ ದೇವರಿಗೆ ಮುಡಿಪು ಕಟ್ಟಿಟ್ಟಿರುತ್ತಾರೆ.

ನಾಲ್ಕೈದು ಗೆಳತಿಯರು ಸೇರಿ ಹೋಗುವುದಾದರೆ ಇನ್ನೂ ಚೆನ್ನ. ತಿಂಗಳಿಗಿಷ್ಟು ಅಂತ ಎಲ್ಲರೂ ಎತ್ತಿಡುತ್ತಾ ಬಂದರೆ ಮಳೆಗಾಲದ ಹೊತ್ತಿಗೆ ಖರ್ಚಿಗಾಗುತ್ತದೆ, ಯಾರ ಮುಂದೆಯೂ ಕೈಚಾಚಬೇಕಿಲ್ಲ. ಗುಂಪು ಐದಾರು ಮಂದಿಗಿಂತ ದೊಡ್ಡದಾಗದಿರಲಿ. ದಾರಿ ಗೊತ್ತಿರುವ ಸ್ಥಳೀಯರೊಬ್ಬರು ಜತೆಗಿರಲಿ. ಹೋಂಸ್ಟೇಯವರನ್ನು ಕೇಳಿದರೆ ಅವರೇ ಯಾರನ್ನಾದರೂ ಗೊತ್ತು ಮಾಡಿಕೊಡುತ್ತಾರೆ.

ಒಂದು ತಿಂಗಳ ತಯಾರಿ

ಜಲಪಾತ ನೋಡಲು ಇಳಿಯುವಾಗ ಆಹಾ ಎನಿಸುತ್ತದೆ, ಹತ್ತುವಾಗ ಅಮ್ಮಾ ಎನಿಸುತ್ತದೆ. ಬೇರೆ ಬೆಟ್ಟಗಳಲ್ಲಿ ಮೊದಲು ಹತ್ತಿ, ಸುಸ್ತಾದ ಮೇಲೆ ಇಳಿಯುತ್ತೇವೆ. ಇಲ್ಲಿ ಉಲ್ಟಾ. ಇಳಿದು ಮಂಡಿ ಸೋತ ಮೇಲೆ ಹತ್ತಬೇಕು. ಅದಕ್ಕೇ ಒಂದು ತಿಂಗಳು ಮೊದಲೇ ಅಭ್ಯಾಸ ಶುರು ಮಾಡಿ.

ಮೊದಲ ವಾರ ದಿನಾ ಅರ್ಧ ಗಂಟೆ ಬಿರುಸು ನಡಿಗೆ ಸಾಕು. ಎರಡನೇ ವಾರದಿಂದ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಳಿಯಿರಿ. ಮೂರನೇ ವಾರ ಬೆನ್ನಿಗೊಂದು ಚೀಲ ಹಾಕಿಕೊಂಡು, ಅದರಲ್ಲಿ ಎರಡು ಲೀಟರ್ ನೀರಿಟ್ಟುಕೊಂಡು ನಡೆಯಿರಿ. ಮಂಡಿನೋವು ಇರುವವರು ಇಳಿಯುವಾಗ ಸ್ವಲ್ಪ ಅಡ್ಡಕ್ಕೆ ತಿರುಗಿ ಹೆಜ್ಜೆ ಇಡಬೇಕು, ಕೈಯಲ್ಲೊಂದು ಗಟ್ಟಿ ಕೋಲಿರಬೇಕು. ಬಿ.ಪಿ., ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ಮಾತ್ರೆ, ಇನ್‌ಹೇಲರ್ ಕಾರಿನಲ್ಲಿ ಉಳಿಯುವುದು ಬೇಡ, ನಿಮ್ಮ ಕೈಚೀಲದಲ್ಲೇ ಇರಲಿ. ಗರ್ಭಿಣಿಯರು ಮತ್ತು ಇತ್ತೀಚೆಗೆ ಆಪರೇಷನ್ ಆದವರು ಈ ಸಲ ಬಿಟ್ಟುಬಿಡಿ. ಜಲಪಾತ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಏನು ಉಡಬೇಕು, ಏನು ತೊಡಬೇಕು?

ಸೀರೆ ಬೇಡ, ಜೀನ್ಸಂತೂ ಬೇಡವೇ ಬೇಡ. ಜೀನ್ಸ್ ನೆನೆದರೆ ಭಾರವಾಗುತ್ತದೆ, ಒಣಗುವುದಿಲ್ಲ, ತೊಡೆ ಉಜ್ಜಿ ಉರಿಯಾಗುತ್ತದೆ. ಬೇಗ ಒಣಗುವ ಸಿಂಥೆಟಿಕ್ ಟ್ರ್ಯಾಕ್ ಪ್ಯಾಂಟ್, ಮೇಲೊಂದು ಪೂರ್ತಿ ತೋಳಿನ ಅಂಗಿ ಹಿತ. ಉದ್ದ ದುಪಟ್ಟಾ ಗಿಡಗಂಟಿಗೆ ಸಿಕ್ಕಿಕೊಳ್ಳುತ್ತದೆ, ಕಾಲಿಗೂ ತೊಡರುತ್ತದೆ. ಅದು ಕಾರಿನಲ್ಲೇ ಇರಲಿ. ಬಳೆ, ಸರ, ಓಲೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಕತ್ತಿನವರೆಗೆ ಗುಂಡಿ ಹಾಕುವ ಅಂಗಿ ತೊಟ್ಟರಾಯಿತು.

ಕೊಡೆ ಪೇಟೆಗೆ ಸರಿ, ಕಾಡಿನ ಏರಿಳಿತಕ್ಕಲ್ಲ. ಎರಡೂ ಕೈ ಬಿಡುವಾಗಿರಬೇಕು, ಆದ್ದರಿಂದ ರೇನ್‌ಕೋಟೇ ಮೇಲು. ನುಣ್ಣನೆ ಅಡಿಯ ಫ್ಯಾನ್ಸಿ ಚಪ್ಪಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಅಂಗಾತ ಕೆಡವುತ್ತದೆ. ಆಳವಾದ ಗೀರುಗಳಿರುವ ರಬ್ಬರ್ ಅಡಿಯ ಶೂ ಇರಲಿ, ಹೊಸದಾಗಿದ್ದರೆ ವಾರ ಮೊದಲೇ ಮೆಟ್ಟಿ ಪಳಗಿಸಿಕೊಳ್ಳಿ. ಒಣ ಬಟ್ಟೆಯ ಒಂದು ಜತೆ, ಟವೆಲ್ಲು, ಒಣ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಗಾಡಿಯಲ್ಲಿಟ್ಟಿರಿ. ನೆಂದ ಬಟ್ಟೆಯಲ್ಲಿ ಗಾಳಿಗೆ ಕುಳಿತರೆ ಮೈ ತಣ್ಣಗಾಗಿ ನಡುಕ ಹತ್ತುತ್ತದೆ. ಹಾಗಾದವರಿಗೆ ಮೊದಲು ಒದ್ದೆ ಬಟ್ಟೆ ಬದಲಿಸಿ, ಆಮೇಲೆ ಬಿಸಿ ಕಾಫಿ ಕೊಡಿ.

ನಾಚಿಕೆ ಬಿಟ್ಟು ಮಾತಾಡಬೇಕಾದದ್ದು

ಎಷ್ಟೋ ಹೆಂಗಸರು ಪ್ರವಾಸದಲ್ಲಿ ನೀರೇ ಕುಡಿಯುವುದಿಲ್ಲ. ಕಾರಣ ನಿಮಗೂ ಗೊತ್ತು, ಎಲ್ಲಿ ಹೋಗುವುದು ಎಂಬ ಚಿಂತೆ. ಮೂತ್ರ ತಡೆದಿಟ್ಟುಕೊಂಡು, ನೀರೂ ಕುಡಿಯದೆ ದಿನವಿಡೀ ಕಳೆದರೆ ಉರಿಮೂತ್ರ, ಸೋಂಕು ಹಿಂದೆಯೇ ಬರುತ್ತದೆ. ದೊಡ್ಡ ಹೋಟೆಲ್, ಪೆಟ್ರೋಲ್ ಬಂಕ್ ಸಿಕ್ಕಲ್ಲೆಲ್ಲ ಅಗತ್ಯವಿರಲಿ ಇಲ್ಲದಿರಲಿ ಗಾಡಿ ನಿಲ್ಲಿಸಿ. ಕಾಡಿನ ದಾರಿ ಹಿಡಿಯುವ ಮುನ್ನ ಹೋಂಸ್ಟೇಯಲ್ಲೇ ಮುಗಿಸಿಕೊಂಡು ಹೊರಡಿ. ಅನಿವಾರ್ಯವಾದರೆ ಹೊಳೆಯಿಂದ ದೂರ ಹೋಗಿ, ಗೆಳತಿಯೊಬ್ಬಳು ಕಾವಲಿಗಿರಲಿ.

ಮುಟ್ಟಿನ ದಿನ ಪ್ರವಾಸಕ್ಕೇ ಬರುವಂತಿದ್ದರೆ ಗಾಬರಿ ಬೇಡ. ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ನುಂಗುವುದೂ ಬೇಡ, ಅದು ಎಲ್ಲರಿಗೂ ಒಗ್ಗುವಂಥದ್ದಲ್ಲ. ವೈದ್ಯರನ್ನು ಕೇಳಿ ನಿರ್ಧರಿಸಿ. ಹೆಚ್ಚುವರಿ ಪ್ಯಾಡ್, ಹಳೇ ಪೇಪರ್, ಗಟ್ಟಿ ಕವರ್ ಜತೆಗಿರಲಿ. ಬಳಸಿದ್ದನ್ನು ಸುತ್ತಿಟ್ಟು ಊರಿಗೆ ತಂದೇ ಎಸೆಯಬೇಕು. ಆ ಹೊಳೆಯ ನೀರನ್ನು ಕೆಳಗಿನ ಊರಿನ ಹೆಣ್ಣುಮಕ್ಕಳು ಬಳಸುತ್ತಾರೆ ಎಂಬುದು ನೆನಪಿರಲಿ.

ದಾರಿಯಲ್ಲಿ ಎಚ್ಚರ

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ತುಮಕೂರು, ದಾವಣಗೆರೆ, ಹಾವೇರಿ ದಾರಿಯಲ್ಲಿ ಹೆಚ್ಚಿನ ಭಾಗ ಹೆದ್ದಾರಿಯೇ. ಹುಬ್ಬಳ್ಳಿಯವರಿಗೆ ನೂರು ಕಿ.ಮೀ. ಆಸುಪಾಸು. ಗಾಡಿ ಓಡಿಸುವ ರಗಳೆ ಬೇಡ ಎನ್ನುವವರು ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ತಾಳಗುಪ್ಪದಲ್ಲಿ ಇಳಿಯಬಹುದು. ಸಿದ್ದಾಪುರ ಅಲ್ಲಿಂದ ಹತ್ತಿರ. ಉಂಚಳ್ಳಿ ಶಿರಸಿ, ಸಿದ್ದಾಪುರ ಎರಡೂ ಕಡೆಯಿಂದ ಸುಮಾರು 35 ಕಿ.ಮೀ. ಹೆಗ್ಗರಣೆಯಿಂದ ಮುಂದೆ ಸುಮಾರು ಐದು ಕಿ.ಮೀ. ಕಿರಿದಾದ ದಾರಿ, ಕೊನೆಗೆ ಕಾಲ್ನಡಿಗೆ. ಬೆಂಗಳೂರಿನಿಂದ ಹೋದ ದಿನವೇ ಜಲಪಾತಕ್ಕೆ ಓಡಬೇಡಿ. ಆ ದಿನ ಊರಲ್ಲಿ ಉಳಿದು, ಮರುದಿನ ಬೆಳಗ್ಗೆ ಹೊರಡಿ.

ಗಾಡಿ ನಮ್ಮದಾಗಲಿ, ಬಾಡಿಗೆಯದಾಗಲಿ ವೈಪರ್, ಬ್ರೇಕ್, ಟೈರ್ ಮೂರನ್ನೂ ನೋಡಿಯೇ ಹತ್ತಬೇಕು. ಬೋಳು ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಘಟ್ಟ ಇಳಿಯುವಾಗ ಸಣ್ಣ ಗೇರಿನಲ್ಲಿರಲಿ, ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ, ಕತ್ತಲಾದ ಮೇಲೆ ಘಟ್ಟದ ದಾರಿ ಬೇಡ. ಡ್ರೈವರ್ ಅಣ್ಣನಿಗೂ ಹೊಟ್ಟೆಗೆ ಊಟ, ಕಣ್ಣಿಗೆ ನಿದ್ದೆ ಬೇಕು ಎಂಬುದನ್ನು ಮರೆಯದಿರಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟುವ ಆತುರ ಬೇಡ. ರಭಸದ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೇ ಬೀಳಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತುತ್ತದೆ, ಎರಡು ಅಡಿ ನೀರು ಹೆಚ್ಚಿನ ವಾಹನಗಳನ್ನು ತಳ್ಳಿಕೊಂಡೇ ಹೋಗುತ್ತದೆ.

ಇನ್ನೊಂದು ಮಾತು. ಗುಡ್ಡ ಕಡಿದು ಮಾಡಿದ ರಸ್ತೆಯ ಬದಿ, ಆ ಕಡಿದ ಗೋಡೆಯ ಕೆಳಗೆ ಚಹಾಕ್ಕೆಂದೋ ಫೋಟೊಕ್ಕೆಂದೋ ನಿಲ್ಲಿಸಬೇಡಿ. 2024ರ ಜುಲೈ 16ರಂದು ಇದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯೂ ಅಲ್ಲಿ ನಿಂತಿದ್ದವರೂ ವಾಹನಗಳೂ ಗಂಗಾವಳಿ ನದಿ ಪಾಲಾದ ದುರಂತ ಎಲ್ಲರಿಗೂ ನೆನಪಿದೆ. ರಸ್ತೆಗೆ ಹೊಸ ಮಣ್ಣು ಬಿದ್ದಿದ್ದರೆ, ಮೇಲಿನ ಮರಗಳು ವಾಲಿದ್ದರೆ, ಸಣ್ಣ ಕಲ್ಲುಗಳು ಉರುಳುತ್ತಿದ್ದರೆ ಅಲ್ಲಿಂದ ಬೇಗ ಜಾಗ ಖಾಲಿ ಮಾಡಿ.

ಉಂಬಳದ ಭಯ

ಪಟ್ಟಣದ ಹೆಂಗಸರು ಹುಲಿಗಿಂತ ಹೆಚ್ಚು ಹೆದರುವುದು ಇದಕ್ಕೇ! ಜಿಗಣೆಗೆ ಮಲೆನಾಡಿನಲ್ಲಿ ಇಂಬಳ, ಉಂಬಳ ಎನ್ನುತ್ತಾರೆ. ಅದು ಕಚ್ಚುವುದೇ ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವೊಂದನ್ನು ಬಿಡುತ್ತದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ನೋಡಲು ಭಯವಾದರೂ ಹೋಗುವ ರಕ್ತ ತೀರಾ ಕಡಿಮೆ.

ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಸಾಕ್ಸ್ ಮೇಲೆ ಬೇವಿನೆಣ್ಣೆ ಅಥವಾ ಹೊಗೆಸೊಪ್ಪಿನ ಪುಡಿ ಸವರಿಕೊಳ್ಳುವುದು ಅಲ್ಲಿನವರ ರೂಢಿ. ಮಳೆಗೆ ತೊಳೆದುಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಕಚ್ಚಿದ್ದರೆ ಹಿಡಿದು ಎಳೆಯಬೇಡಿ, ಬೆಂಕಿ ತಾಗಿಸಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ, ಅದರ ಬಾಯಿಯ ಕೆಳಗೆ ಮೆಲ್ಲಗೆ ಜಾರಿಸಿ ಬಿಡಿಸಿ. ಆಮೇಲೆ ಸೋಪಿನಿಂದ ತೊಳೆದು, ಸ್ವಚ್ಛ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕೆರೆದು ಗಾಯ ಮಾಡಿಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ವೈದ್ಯರ ಸಲಹೆ ಕೇಳಬೇಕು.

'ಮಂಗನ ಕಾಯಿಲೆ ಬರುತ್ತಂತಲ್ಲಾ?' ಎಂದು ಕೆಲವರು ಕೇಳುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣ್ಣೆಯಿಂದ (ಉಣುಗು), ಜಿಗಣೆಯಿಂದ ಅಲ್ಲ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ. ಸಿದ್ದಾಪುರ ಸೀಮೆಯಲ್ಲೂ ಪ್ರಕರಣಗಳು ಆಗಿರುವುದರಿಂದ ಬೇಸಿಗೆಯಲ್ಲಿ ಹೋಗುವವರು ಈ ಬಗ್ಗೆ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಗಮನ ಕೊಡಬೇಕಾದದ್ದು ಇಲಿಜ್ವರಕ್ಕೆ. ಕಾಲಿನ ಸಣ್ಣ ಗಾಯದ ಮೂಲಕ ಕೆಸರುನೀರಿನಿಂದ ಅದು ಬರಬಹುದು. ಗಾಯವಿದ್ದರೆ ಜಲನಿರೋಧಕ ಪಟ್ಟಿ ಹಾಕಿಕೊಳ್ಳಿ. ಬಂದ ಎರಡು ಮೂರು ವಾರದೊಳಗೆ ಜ್ವರ, ಮೈಕೈನೋವು ಕಂಡರೆ 'ಹೀಗೆ ಕಾಡಿಗೆ ಹೋಗಿದ್ದೆ' ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಹಾವು ಕಂಡರೆ ನಿಂತು ಅದಕ್ಕೆ ದಾರಿ ಬಿಡಿ. ಅಕಸ್ಮಾತ್ ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯಿರಿ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ನೀರಿನ ಮುಂದೆ ನಿಂತಾಗ

ಉಂಚಳ್ಳಿಯಲ್ಲಿ ಜಲಪಾತ ನೋಡಲು ಮೆಟ್ಟಿಲು, ವೀಕ್ಷಣಾ ಜಾಗಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ನೋಡಿದರೇ ಚೆಂದ. ಎದುರಿಗೆ ಇಡೀ ಕಣಿವೆ, ನಡುವೆ ನೊರೆಹಾಲಿನಂಥ ನೀರು, ಮುಖದ ಮೇಲೆ ತುಂತುರು. ಮಂಜು ಮುಚ್ಚಿದ್ದರೆ ತಾಳ್ಮೆಯಿಂದ ಅರ್ಧ ಗಂಟೆ ಕಾಯಿರಿ. ಗಾಳಿ ಬೀಸಿದಾಗ ಪರದೆ ಸರಿಸಿದ ಹಾಗೆ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಆ ಕ್ಷಣಕ್ಕಾಗಿಯೇ ಅಲ್ಲವೇ ಇಷ್ಟು ದೂರ ಬಂದಿದ್ದು!

ಬುಡದವರೆಗೆ ಇಳಿಯುವ ಆಸೆ ಮಾತ್ರ ಮಳೆಗಾಲದಲ್ಲಿ ಬೇಡ. ಒಮ್ಮೆ ನಾವು ಐದು ಮಂದಿ ಹೆಂಗಸರು ಹೋಗಿದ್ದಾಗ ಜತೆಗೆ ಬಂದಿದ್ದ ಊರಿನವರು ಅರ್ಧ ದಾರಿಯಲ್ಲೇ ನಿಂತು, 'ಅಕ್ಕಾ, ಇವತ್ತು ಇಷ್ಟೇ ಸಾಕು. ಹೊಳೆ ಬಣ್ಣ ಸರಿ ಇಲ್ಲೆ' ಎಂದುಬಿಟ್ಟರು. ನಮ್ಮ ಕಣ್ಣಿಗೆ ನೀರು ಮೊದಲಿನ ಹಾಗೇ ಇತ್ತು. 'ಇಷ್ಟು ದೂರ ಬಂದು...' ಎಂದು ಒಬ್ಬರು ರಾಗ ಎಳೆದರೂ ಕೊನೆಗೆ ಎಲ್ಲರೂ ಮೇಲೆ ಬಂದು ನಿಂತೆವು. ಸ್ವಲ್ಪ ಹೊತ್ತಿಗೆ ನೀರು ಕೆಂಪಗಾಗಿ, ಕೆಳಗೆ ಕಾಣುತ್ತಿದ್ದ ಬಂಡೆಗಳು ಒಂದೊಂದಾಗಿ ಮುಳುಗಿದವು. ಅಲ್ಲೇ ಹುಟ್ಟಿ ಬೆಳೆದವರ ಕಣ್ಣು ನಮ್ಮ ಕಣ್ಣಿಗಿಂತ ಮುಂದೆ ನೋಡುತ್ತದೆ. ಅವರು ಬೇಡ ಅಂದರೆ ಬೇಡ.

ಯಾವ ಹೊಳೆಯೇ ಇರಲಿ, ನೀರು ಏರುವ ಮುನ್ಸೂಚನೆ ಕಲಿತಿರಿ. ತಿಳಿಯಾಗಿದ್ದ ನೀರು ಕದಡುವುದು, ಎಲೆ ಕಡ್ಡಿ ಕಸ ತೇಲಿ ಬರುವುದು, ಸದ್ದು ಜೋರಾಗುವುದು, ಈಗಷ್ಟೇ ಕಂಡ ಕಲ್ಲು ಮುಳುಗುವುದು. ಇವುಗಳಲ್ಲಿ ಒಂದು ಕಂಡರೂ ಚೀಲ, ಚಪ್ಪಲಿ ಬಿಟ್ಟು ತಕ್ಷಣ ದಡದ ಎತ್ತರದ ಜಾಗಕ್ಕೆ ಹೋಗಿ. ಆ ಕಡೆ ದಡದಲ್ಲಿ ಸಿಕ್ಕಿಹಾಕಿಕೊಂಡರೆ ದಾಟಲು ಹೋಗದೆ ಅಲ್ಲೇ ಕಾಯಿರಿ. ಕೊಚ್ಚಿಹೋಗುವವರನ್ನು ಉಳಿಸಲು ಹಿಂದೆಯೇ ಧುಮುಕಿದರೆ ಒಬ್ಬರ ಬದಲು ಇಬ್ಬರಾಗುತ್ತಾರೆ. ಹಗ್ಗ, ಉದ್ದ ಕೋಲು ಕೊಡಿ, ಕೂಗಿ ಜನ ಸೇರಿಸಿ.

ಮಕ್ಕಳ ಕೈ ಹಿಡಿದುಕೊಳ್ಳುವವರು ಯಾರು ಎಂಬುದನ್ನು ಗಾಡಿ ಇಳಿಯುವ ಮೊದಲೇ ಹಂಚಿಕೊಳ್ಳಿ. 'ಅವರಪ್ಪ ನೋಡ್ಕೋತಾರೆ' ಎಂದು ಇವಳು, 'ಅಮ್ಮನ ಹತ್ರ ಇದಾನೆ' ಎಂದು ಅವರು ಅಂದುಕೊಂಡಾಗಲೇ ಅನಾಹುತವಾಗುವುದು. ಸೆಲ್ಫಿಗೆಂದು ಬೆನ್ನನ್ನು ನೀರಿನ ಕಡೆ ಮಾಡಿ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಕಂಬಿ ದಾಟಬೇಡಿ. ಕಾಡಿನಲ್ಲಿ ಬೇಗ ಕತ್ತಲಾಗುತ್ತದೆ, ಮಧ್ಯಾಹ್ನ ಮೂರಕ್ಕೆಲ್ಲ ವಾಪಸ್ ಹೆಜ್ಜೆ ಹಾಕಿ.

ಹೊಟ್ಟೆಗೇನು?

ಅಡುಗೆಮನೆ ನಮ್ಮ ಕೈಲಿರುವಾಗ ಇದಕ್ಕೇನು ಬರ! ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಒಂದು ದಿನಕ್ಕೆ ಕೆಡುವುದಿಲ್ಲ. ನಡೆಯುವಾಗ ಬಾಯಿಗೆ ಕಡಲೆಬೀಜದ ಚಿಕ್ಕಿ, ಹುರಿಗಡಲೆ ಬೆಲ್ಲ, ಖರ್ಜೂರ ಇರಲಿ. ಕುದಿಸಿ ಆರಿಸಿದ ನೀರು ತುಂಬಿಕೊಳ್ಳಿ. ಹೊಳೆನೀರು ಎಷ್ಟೇ ತಿಳಿಯಾಗಿ ಕಂಡರೂ ಮಳೆಗಾಲದಲ್ಲಿ ಕುಡಿಯಬೇಡಿ.

ಶಿರಸಿ ಕಡೆಯ ಮನೆಯೂಟ ಸಿಕ್ಕರೆ ಬಿಡಬೇಡಿ. ಹೋದ ತಕ್ಷಣ 'ಆಸ್ರಿಗೆ ಎಂತ ಬೇಕು?' ಎಂದು ಕೇಳುತ್ತಾರೆ, ಬಾಯಾರಿಕೆಗೆ ಏನು ಕೊಡಲಿ ಎಂದರ್ಥ. ಮುರುಗಲು ಹಣ್ಣಿನ ಪಾನಕ, ಅಪ್ಪೆಹುಳಿ, ತಂಬುಳಿ, ಕಳಲೆ ಪಲ್ಯ, ಪತ್ರೊಡೆ, ತೊಡದೇವು ಇವನ್ನೆಲ್ಲ ರುಚಿ ನೋಡಿ. ಹಾಗೇ ಒಳಗೆ ಹೋಗಿ ಮಾಡುವ ವಿಧಾನ ಕೇಳಿಕೊಂಡು ಬನ್ನಿ. ಅಲ್ಲಿನ ಹೆಣ್ಣುಮಕ್ಕಳು ಮಾಡಿದ ಹಲಸಿನ ಹಪ್ಪಳ, ಉಪ್ಪಿನಕಾಯಿ ಕೊಂಡು ತಂದರೆ ಅವರಿಗೂ ನಾಲ್ಕು ಕಾಸು, ಮನೆಯಲ್ಲಿ ಉಳಿದ ಅತ್ತೆಯವರಿಗೂ ಸಮಾಧಾನ.

ಮಳೆ ಜಾಸ್ತಿಯಾಗಿ ಜಲಪಾತಕ್ಕೆ ಹೋಗಲಾಗದಿದ್ದರೆ ದಿನ ಹಾಳಾಯಿತೆಂದು ಕೊರಗಬೇಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನ, ಸೋಂದೆಯ ವಾದಿರಾಜ ಮಠ, ಬನವಾಸಿಯ ಮಧುಕೇಶ್ವರ ದೇಗುಲ ಎಲ್ಲ ಅಲ್ಲೇ ಇವೆ. ಶಾಲ್ಮಲಾ ನದಿಯ ಸಹಸ್ರಲಿಂಗ ಮಾತ್ರ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿರುತ್ತದೆ, ಅದನ್ನು ಚಳಿಗಾಲಕ್ಕಿಟ್ಟುಕೊಳ್ಳಿ.

ಚೀಲದಲ್ಲಿ ಇವೆಲ್ಲ ಇವೆಯಾ?

* ರೇನ್‌ಕೋಟ್, ಒಂದು ಜತೆ ಒಣ ಬಟ್ಟೆ, ಹೆಚ್ಚುವರಿ ಸಾಕ್ಸ್
* ಟಾರ್ಚ್, ಸೀಟಿ, ಹತ್ತು ಮೀಟರ್ ಗಟ್ಟಿ ಹಗ್ಗ
* ಬ್ಯಾಂಡೇಜ್, ಡೆಟಾಲ್, ಕ್ರೇಪ್ ಬ್ಯಾಂಡೇಜ್, ಓ.ಆರ್.ಎಸ್. ಪುಡಿ, ನಿಮ್ಮ ನಿತ್ಯದ ಮಾತ್ರೆಗಳು
* ಬೇವಿನೆಣ್ಣೆ, ಸಣ್ಣ ಸೋಪು
* ಸ್ಯಾನಿಟರಿ ಪ್ಯಾಡ್, ಹಳೇ ಪೇಪರ್, ಕಸಕ್ಕೊಂದು ಕವರ್
* ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲ್, ಚಿಲ್ಲರೆ ಹಣ, ಗುರುತಿನ ಚೀಟಿ
* ಮುಖ್ಯ ಫೋನ್ ನಂಬರುಗಳನ್ನು ಬರೆದ ಚೀಟಿ (ಮೊಬೈಲ್ ನೆನೆದು ಕೆಟ್ಟರೆ ಇದೇ ಗತಿ)

ವರ್ಷವಿಡೀ ಮನೆಯವರೆಲ್ಲರ ಬೇಕು ಬೇಡ ನೋಡುವ ನಿಮಗೆ ಎರಡು ದಿನ ನಿಮ್ಮದೇ ಆಗಿ ಸಿಗಲಿ. ಆ ಎರಡು ದಿನ ಕುಕ್ಕರಿನ ಸೀಟಿಯನ್ನು ಮನೆಯವರು ಎಣಿಸಲಿ, ಏನೂ ಮುಳುಗಿಹೋಗುವುದಿಲ್ಲ. ಹೋದಲ್ಲಿ ಧೈರ್ಯ ಎಂದರೆ ಮುಂದೆ ಹೋಗುವುದು ಅಂತ ಯಾರಾದರೂ ಛೇಡಿಸಿದರೆ ನಕ್ಕು ಸುಮ್ಮನಾಗಿ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದು ಸಂಸಾರ ನಡೆಸುವ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಬುದ್ಧಿಯನ್ನು ಹೊಳೆಯ ದಡದಲ್ಲೂ ಬಳಸಿ. ಈ ಮಳೆಗಾಲದ ಮುಂದಿನ ಫೋಟೊದಲ್ಲಿ ಜಲಪಾತದ ಮುಂದೆ ನೀವೂ ಇರಿ, ಕಂಬಿಯ ಈಚೆ!